ಮೈನಸ್ ಮೈನಸ್ ಯಾವಾಗಲೂ ಪ್ಲಸ್ ಅಲ್ಲ

ಏಳನೇ ತರಗತಿಯ ಹುಡುಗನ ನೋಟ್‌ಬುಕ್ಕಿನಲ್ಲಿ ಒಂದು ಸಾಲು: −3 − 5 = +8. ಯಾಕಪ್ಪಾ ಹೀಗೆ ಎಂದರೆ ಥಟ್ಟನೆ ಉತ್ತರ: "ಮೈನಸ್ ಮೈನಸ್ ಪ್ಲಸ್ ಅಲ್ವಾ ಸಾರ್?" ಹುಡುಗ ದಡ್ಡನಲ್ಲ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಪರೀಕ್ಷೆ ಹತ್ತಿರ ಬಂತು, ಇನ್ನೂ ಐವತ್ತು ಲೆಕ್ಕ ಮಾಡಿಸಿದರೆ ದಾರಿಗೆ ಬರುತ್ತಾನೆ ಎಂದು ಮನೆಯವರು ನಂಬುತ್ತಾರಲ್ಲ, ಮೊದಲ ತಪ್ಪು ಕಲ್ಪನೆ ಅದೇ. ಐವತ್ತನ್ನೂ ಅವನು ಅದೇ ಮಂತ್ರ ಹೇಳಿಕೊಂಡು ಮಾಡುತ್ತಾನೆ. ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೇ.

ಆ ಮಂತ್ರ ಗುಣಾಕಾರ, ಭಾಗಾಕಾರಗಳಿಗೆ ಸೇರಿದ್ದು. 628ರಲ್ಲಿ ಬ್ರಹ್ಮಗುಪ್ತ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಇದನ್ನು ಧನ, ಋಣ ಎಂಬ ಮಾತುಗಳಲ್ಲೇ ಬಿಡಿಸಿಟ್ಟ: ಎರಡು ಋಣ ಕೂಡಿದರೆ ಋಣ, ಎರಡು ಋಣ ಗುಣಿಸಿದರೆ ಧನ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ನಿನ್ನೆ 3 ರೂಪಾಯಿ ಬಾಕಿ, ಇವತ್ತು 5 ರೂಪಾಯಿ ಬಾಕಿ, ಒಟ್ಟು 8 ರೂಪಾಯಿ ಬಾಕಿ. ಯಾವ ಅಂಗಡಿಯವನೂ ಅದನ್ನು ನಿಮ್ಮ ಜಮೆ ಎನ್ನುವುದಿಲ್ಲ. ಅದೇ ಅವನು ಐದೈದು ರೂಪಾಯಿಯ ಮೂರು ಬಾಕಿಗಳನ್ನು ಪುಸ್ತಕದಿಂದ ಹೊಡೆದುಹಾಕಿದರೆ ನಿಮಗೆ 15 ರೂಪಾಯಿ ಉಳಿಯಿತು. (−3) × (−5) = +15 ಅಂದರೆ ಇಷ್ಟೇ.

ಇದಕ್ಕಿಂತ ಆಳಕ್ಕೆ ಇಳಿದಿರುವ ತಪ್ಪು 'ಸಮ' ಚಿಹ್ನೆಯದು. 8 + 4 = □ + 5 ಎಂದು ಬರೆದು ಮಕ್ಕಳ ಮುಂದಿಡಿ. ಬಹಳ ಮಕ್ಕಳು ಖಾಲಿ ಜಾಗದಲ್ಲಿ 12 ಬರೆಯುತ್ತಾರೆ. ಒಂದನೇ ತರಗತಿಯಿಂದ ಆ ಎರಡು ಗೀಟುಗಳ ಪಕ್ಕ ಉತ್ತರ ಬರೆದೇ ಅಭ್ಯಾಸ. 'ಈಗ ಉತ್ತರ ಬರೆ' ಎಂಬ ಅಪ್ಪಣೆಯಂತೆ ಅದು ಕಾಣುತ್ತದೆ. ನಿಜಕ್ಕೂ ಅದು ತಕ್ಕಡಿಯ ಮುಳ್ಳು. ಎರಡು ತಟ್ಟೆಗಳೂ ಸರಿತೂಗಬೇಕು, ಹಾಗಾಗಿ 7. ರಾಬರ್ಟ್ ರೆಕಾರ್ಡ್ 1557ರಲ್ಲಿ ಈ ಚಿಹ್ನೆಗೆ ಒಂದೇ ಉದ್ದದ ಎರಡು ಗೀಟುಗಳನ್ನು ಆರಿಸಿಕೊಂಡದ್ದೂ ಅವಕ್ಕಿಂತ ಸಮವಾದದ್ದು ಬೇರೆ ಇಲ್ಲವೆಂದು.

ತಕ್ಕಡಿ ತಲೆಗೆ ಹೋಗದಿದ್ದರೆ ಸಮೀಕರಣವೂ ಹೋಗದು. "ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತೆ" ಎಂದು ಕಲಿಸುತ್ತೇವೆ. ಪಕ್ಷಾಂತರ ಮಾಡಿದವರು ಬಣ್ಣ ಬದಲಿಸುವುದು ವಿಧಾನಸೌಧದಲ್ಲಿ ಸರಿ. ಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ, ಎರಡೂ ಕಡೆ ನಾವು ಒಂದೇ ಕೆಲಸ ಮಾಡುತ್ತೇವೆ. ಭಾಸ್ಕರಾಚಾರ್ಯರು ತಿಳಿಯದ ಸಂಖ್ಯೆಯನ್ನು 'ಯಾವತ್ತಾವತ್' ಎಂದು ಕರೆದು 'ಯಾ' ಎಂದು ಗುರುತಿಸುತ್ತಿದ್ದರು, ನಾವೂ ಹಾಗೇ ಬರೆಯೋಣ. 3ಯಾ = 12 ಎಂಬಲ್ಲಿ ಮಗು 3ನ್ನು ಆ ಕಡೆ ದಾಟಿಸಿ 12 − 3 = 9 ಎನ್ನುತ್ತದೆ. ಬೈಯಬೇಡಿ. "9ನ್ನು ವಾಪಸ್ ಹಾಕಿ ನೋಡು" ಅನ್ನಿ. ಮೂರೊಂಬತ್ತಲ 27 ಬಂದಾಗ ತನ್ನಷ್ಟಕ್ಕೇ ರಬ್ಬರ್ ಹುಡುಕುತ್ತದೆ. ಎರಡೂ ಕಡೆ 3ರಿಂದ ಭಾಗಿಸಿದರೆ 4. ಪುಸ್ತಕದ ಕೊನೆಯ ಉತ್ತರಗಳ ಪುಟಕ್ಕಿಂತ ಉತ್ತರವನ್ನು ವಾಪಸ್ ಹಾಕಿ ನೋಡುವ ಈ ಅಭ್ಯಾಸ ದೊಡ್ಡದು ಎಂದು ನಾನು ನಂಬಿದ್ದೇನೆ.

ಇನ್ನು ಸಂಭವನೀಯತೆ. "ಆಗುತ್ತೆ ಇಲ್ಲಾ ಆಗಲ್ಲ, ಅಂದಮೇಲೆ ಫಿಫ್ಟಿ ಫಿಫ್ಟಿ" ಎಂದು ದೊಡ್ಡವರೇ ಹೇಳುತ್ತಾರೆ. ಜುಲೈಯಲ್ಲಿ ಆಗುಂಬೆಗೂ ಫೆಬ್ರವರಿಯಲ್ಲಿ ಚಿತ್ರದುರ್ಗಕ್ಕೂ ಮಳೆ ಬರುತ್ತದೆ ಇಲ್ಲಾ ಬರುವುದಿಲ್ಲ. ಛತ್ರಿ ಎಲ್ಲಿಗೆ ಒಯ್ಯುತ್ತೀರಿ?

ಇದನ್ನು ಕಲಿಸಲು ಚೌಕಾಬಾರಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ಸಿಕ್ಕಿಲ್ಲ. ನಾಲ್ಕು ಕವಡೆ, ಅಥವಾ ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜ. ಒಂದು ಬಿಳಿ ಬಿದ್ದರೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕೂ ಬಿಳಿಯಾದರೆ ಚೌಕ, ಒಂದೂ ಇಲ್ಲದಿದ್ದರೆ ಬಾರ, ಅಂದರೆ ಎಂಟು. ಐದು ಫಲಿತ ಇವೆ, ಹಾಗಾದರೆ ಪ್ರತಿಯೊಂದಕ್ಕೂ 1/5 ಎನ್ನುತ್ತಾರೆ ಮಕ್ಕಳು. ನಗಬೇಡಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ ಇಂಥದೇ ತಪ್ಪು ಮಾಡಿದ್ದ: ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಂಭವ 2/3 ಎಂದು ವಾದಿಸಿದ. ಸರಿಯುತ್ತರ 3/4.

ಬೀಜಗಳಿಗೆ ಒಂದರಿಂದ ನಾಲ್ಕು ಎಂದು ಹೆಸರಿಟ್ಟು ಬರೆಸಿ. ಒಂದೊಂದಕ್ಕೂ ಎರಡೆರಡು ಮಗ್ಗುಲು, ಒಟ್ಟು 16 ಬಗೆ. ಅದರಲ್ಲಿ ಒಂದು ಬೀಳುವುದು 4 ಬಗೆಯಲ್ಲಿ, ಎರಡು 6 ಬಗೆಯಲ್ಲಿ, ಮೂರು 4 ಬಗೆಯಲ್ಲಿ. ಚೌಕಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ. ಆ ಎರಡು ಬಿದ್ದಾಗ ಇನ್ನೊಂದು ಆಟ ಯಾಕೆ ಸಿಗುತ್ತದೆ ಎಂಬುದಕ್ಕೆ ಮಕ್ಕಳೇ ಕಾರಣ ಹೇಳುತ್ತಾರೆ. ಆದರೆ ಇದು ನಾಲ್ಕು ನಾಣ್ಯಗಳ ಲೆಕ್ಕ. ಬೀಜದ ಎರಡು ಮಗ್ಗುಲೂ ಒಂದೇ ಥರ ಇರುವುದಿಲ್ಲ, ಕವಡೆಯಂತೂ ಒಂದು ಕಡೆ ಉಬ್ಬಿರುತ್ತದೆ. ನೂರು ಸಲ ಹಾಕಿಸಿ, ಬಿದ್ದದ್ದನ್ನು ಬರೆಸಿ, ನಾಣ್ಯದ ಲೆಕ್ಕದ ಪಕ್ಕ ಇಡಿ. ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದೇ ಪಾಠ.

ಕೊನೆಯದು ಕ್ರಿಕೆಟ್ ನೋಡುವವರಿಗೆಲ್ಲ ಅಂಟಿದ ನಂಬಿಕೆ: "ಇಷ್ಟು ಸಲ ಸೋತಿದ್ದಾರೆ, ಈ ಸಲ ಟಾಸ್ ಗೆಲ್ಲಲೇಬೇಕು." ನಾಣ್ಯಕ್ಕೆ ನೆನಪಿಲ್ಲ. 2023ರ ವಿಶ್ವಕಪ್ ಫೈನಲ್‌ನಿಂದ 2025ರ ಮಾರ್ಚ್‌ನ ಚಾಂಪಿಯನ್ಸ್ ಟ್ರೋಫಿ ಫೈನಲ್‌ವರೆಗೆ ಭಾರತ ಸಾಲಾಗಿ 15 ಏಕದಿನ ಪಂದ್ಯಗಳ ಟಾಸ್ ಸೋತಿತು. ಇದೇ 15 ಟಾಸ್‌ಗಳನ್ನೂ ಸೋಲುವ ಸಂಭವ ಎಷ್ಟೆಂದು ಮೊದಲೇ ಕೇಳಿದ್ದರೆ 32,768ರಲ್ಲಿ ಒಂದು. ಆದರೆ ದುಬೈನ ಆ ಫೈನಲ್‌ನಲ್ಲಿ ಹದಿನೈದನೇ ನಾಣ್ಯ ಮೇಲಕ್ಕೆ ಹಾರಿದಾಗ ಹಿಂದಿನ ಹದಿನಾಲ್ಕು ಮುಗಿದುಹೋಗಿದ್ದವು. ಅವಕಾಶ ಅರ್ಧಕ್ಕರ್ಧವೇ ಇತ್ತು. ಅದನ್ನೂ ಸೋತರು. ಕಪ್ ಮಾತ್ರ ಗೆದ್ದುಕೊಂಡು ಬಂದರು.