ಕಂಬ ಹತ್ತುವವರೆಲ್ಲ ‘ಮ್ಯಾನ್’ ಆಗಬೇಕೇ?

ಪ್ರಶ್ನೆ: ಹೆಣ್ಣುಮಗಳು ಕರೆಂಟಿನ ಕಂಬ ಹತ್ತಿದರೂ ಆಕೆ ‘ಪವರ್‌ಮ್ಯಾನ್’ ಏನು? ಇಬ್ಬರಿಗೂ ಒಪ್ಪುವ ತಾಂತ್ರಿಕ ಪದಗಳು ಕನ್ನಡದಲ್ಲಿ ಇಲ್ಲವೇ?
– ಓದುಗರು, ಚಂದ್ರಬಂಡ

ಉತ್ತರ: ಧಾರಾಳವಾಗಿ ಇವೆ. ವಿಜ್ಞಾನಿ, ಗಗನಯಾತ್ರಿ, ಸಿಬ್ಬಂದಿ ಎಂದರೆ ಗಂಡೂ ಹೌದು, ಹೆಣ್ಣೂ ಹೌದು. ‘ಅವರು ಬಂದರು’ ಎನ್ನುವಾಗ ನಮ್ಮ ಭಾಷೆ ಲಿಂಗ ಕೇಳದೆಯೇ ಮರ್ಯಾದೆ ಕೊಡುತ್ತದೆ. ತೊಡಕಿರುವುದು ಇಂಗ್ಲಿಷಿನಿಂದ ಬಂದ ಹುದ್ದೆಗಳಲ್ಲಿ: ವಿದ್ಯುತ್ ಕಂಪನಿಯ ಪವರ್‌ಮ್ಯಾನ್, ಗಣಿಯ ಫೋರ್‌ಮನ್. ಆ ಕೆಲಸ ಗಂಡಸರದು ಮಾತ್ರ ಎಂದುಕೊಂಡ ಕಾಲದ ಹೆಸರುಗಳಿವು. ನಿಮ್ಮದೇ ಜಿಲ್ಲೆಯ ಹಟ್ಟಿ ಚಿನ್ನದ ಗಣಿಯನ್ನು ನೆನೆಯಿರಿ. 1952ರ ಗಣಿ ಕಾಯ್ದೆ ಹೆಂಗಸರು ನೆಲದಡಿ ದುಡಿಯುವುದನ್ನೇ ನಿಷೇಧಿಸಿತ್ತು. ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಗಳಿಗೆ ಷರತ್ತಿನ ಮೇಲೆ ಕೇಂದ್ರ ಸರ್ಕಾರ ಅವಕಾಶ ಕೊಟ್ಟದ್ದು 2019ರಲ್ಲಿ. ಕಾನೂನು ಇಷ್ಟು ಸಡಿಲಾದ ಮೇಲೆ ಹುದ್ದೆಯ ಹೆಸರೂ ಸಡಿಲಾಗಲೇಬೇಕು.

ಕ್ರಿಕೆಟ್ ನಿಯಮ ಬರೆಯುವ ಎಂಸಿಸಿ 2021ರಲ್ಲಿ ‘ಬ್ಯಾಟ್ಸ್‌ಮನ್’ ಬಿಟ್ಟು ‘ಬ್ಯಾಟರ್’ ಎಂದಿತು, ಆಟಕ್ಕೇನೂ ಧಕ್ಕೆಯಾಗಲಿಲ್ಲ. ನಮ್ಮಲ್ಲೂ ‘ಲೈನ್ ಸಿಬ್ಬಂದಿ’ ಎಂದು ಬರೆಯಬಹುದು. ‘ಮಹಿಳಾ ಪವರ್‌ಮ್ಯಾನ್’ ಎನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅದು ಗಂಡಸನ್ನೇ ಮೂಲವೆಂದಿಟ್ಟುಕೊಂಡು ಹೆಣ್ಣನ್ನು ಪಕ್ಕಕ್ಕೆ ನಿಲ್ಲಿಸುತ್ತದೆ.