ಕ್ಷಯಾಣುವಿನ ಮೂಲಪ್ರತಿ

ಕ್ಷಯರೋಗವನ್ನು ತರುವ ಮೈಕೋಬ್ಯಾಕ್ಟೀರಿಯಂ ಟ್ಯೂಬರ್‌ಕ್ಯುಲೋಸಿಸ್ ಎಂಬ ಬ್ಯಾಕ್ಟೀರಿಯಾ ಒಂದು ಎರಡಾಗಲು ಸುಮಾರು 20 ಗಂಟೆ ಬೇಕಾಗುತ್ತದೆ. ಅಷ್ಟರೊಳಗೆ ಅದು ತನ್ನ ಡಿಎನ್‌ಎಯಲ್ಲಿರುವ 44 ಲಕ್ಷ ಅಕ್ಷರಜೋಡಿಗಳನ್ನೂ ನಕಲು ಮಾಡಿ ಮುಗಿಸಿರಬೇಕು. ಬೆಂಗಳೂರಿನ ಜಯನಗರಕ್ಕೆ ಅಂಟಿಕೊಂಡಿರುವ ಸೋಮೇಶ್ವರನಗರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂತಹ ಆಸ್ಪತ್ರೆಗಳಿಗೆ ಬರುವ ರೋಗಿಗಳಿಗೆ ರಿಫಾಂಪಿಸಿನ್ ಔಷಧ ನಾಟುವುದೋ ಇಲ್ಲವೋ ಎಂಬುದು ಬಹುಪಾಲು ಇವುಗಳ ಪೈಕಿ ಕೇವಲ 81 ಅಕ್ಷರಗಳ ಒಂದು ತುಣುಕಿನ ಮೇಲೆ ನಿಂತಿರುವುದರಿಂದ, ನಕಲಿನ ನಿಖರತೆಗೂ ಚಿಕಿತ್ಸೆಗೂ ನೇರವಾದ ನಂಟಿದೆ.

ನಕಲು ಮಾಡುವುದು ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವ, ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿ ನಡೆಸಿಕೊಡುವ ಪ್ರೋಟೀನು. ಹಳೆಯ ಎಳೆಯಲ್ಲಿ ಅಡೆನಿನ್ ಇದ್ದರೆ ಥೈಮಿನನ್ನು, ಗ್ವಾನಿನ್ ಇದ್ದರೆ ಸೈಟೊಸಿನನ್ನು ಅದು ಎದುರಿಗೆ ಕೂರಿಸುತ್ತದೆ. ಸರಿಯಾದ ಜೋಡಿಯ ಆಕಾರಕ್ಕೆ ಮಾತ್ರ ಕಿಣ್ವದ ಹಿಡಿತ ಬಿಗಿಯಾಗುವುದರಿಂದ ತಪ್ಪು ಅಕ್ಷರ ಒಳಸೇರುವುದು ಅಪರೂಪ. ಸೇರಿದರೂ ಮುಂದಿನ ಜೋಡಣೆ ತಡವಾಗಿ, ಆ ಬಿಡುವಿನಲ್ಲಿ ಹೊಸ ಎಳೆಯ ತುದಿ ತಿದ್ದುವ ಭಾಗಕ್ಕೆ ಸರಿದು ಅಲ್ಲಿ ಕತ್ತರಿಸಲ್ಪಡುತ್ತದೆ. ಇ. ಕೋಲಿಯಲ್ಲಿ ಇದಕ್ಕೆಂದೇ ಬೇರೊಂದು ಪ್ರೋಟೀನು ಇದ್ದರೆ, ಮೈಕೋಬ್ಯಾಕ್ಟೀರಿಯಾಗಳಲ್ಲಿ ಪಾಲಿಮರೇಸೇ ಆ ಕೆಲಸವನ್ನೂ ಮಾಡುತ್ತದೆಂದೂ, ಆ ಭಾಗವನ್ನು ಕೆಡಿಸಿದರೆ ತಪ್ಪುಗಳು 3,000 ಪಟ್ಟಿಗೂ ಮಿಗಿಲಾಗಿ ಹೆಚ್ಚುತ್ತವೆಂದೂ 2015ರಲ್ಲಿ ತಿಳಿದುಬಂದಿತು.

ಆದರೆ ಇಷ್ಟೆಲ್ಲ ಎಚ್ಚರವೂ ಮೂಲಪ್ರತಿಯೇ ಕೆಟ್ಟಾಗ ಪ್ರಯೋಜನಕ್ಕೆ ಬಾರದು. ಸೈಟೊಸಿನ್ ನೀರಿನೊಡನೆ ವರ್ತಿಸಿ, ತನ್ನ ಅಮೈನೋ ಗುಂಪನ್ನು ಕಳೆದುಕೊಂಡು, ಯುರಾಸಿಲ್ ಆಗುವುದುಂಟು. ಯುರಾಸಿಲನ್ನು ಪಾಲಿಮರೇಸ್ ಥೈಮಿನ್ ಎಂದೇ ಓದಿ ಅಡೆನಿನನ್ನು ಜೋಡಿಸುತ್ತದೆ, ಜೋಡಿ ಸರಿಯಾಗಿಯೇ ಕೂರುವುದರಿಂದ ತಿದ್ದುವ ಭಾಗಕ್ಕೆ ಸುಳಿವೇ ಸಿಗುವುದಿಲ್ಲ, ಮುಂದಿನ ನಕಲಿನಲ್ಲಿ ಸೈಟೊಸಿನ್‌ನ ಜಾಗ ಥೈಮಿನ್‌ನದಾಗುತ್ತದೆ. ರಿಫಾಂಪಿಸಿನ್‌ಗೆ ಜಗ್ಗದ ಕ್ಷಯಾಣುಗಳಲ್ಲಿ ಅತಿ ಸಾಮಾನ್ಯವಾಗಿ ಕಾಣುವ ಬದಲಾವಣೆಯೂ ಇದೇ ರೂಪದ್ದೆಂಬುದು ಗಮನಾರ್ಹ: ಆ 81 ಅಕ್ಷರಗಳ ನಡುವೆ ಟಿಸಿಜಿ ಎಂಬ ಮೂರಕ್ಷರ ಟಿಟಿಜಿ ಆಗಿ, ಪ್ರೋಟೀನಿನಲ್ಲಿ ಸೆರಿನ್ ಬದಲು ಲ್ಯೂಸಿನ್ ಬಂದು, ಔಷಧ ಕಚ್ಚಿಕೊಳ್ಳುವ ಜಾಗವೇ ಮಾರ್ಪಡುತ್ತದೆ.

ಮೂಲಪ್ರತಿಯನ್ನು ಕಾಯುವುದು ಯುರಾಸಿಲ್ ಡಿಎನ್‌ಎ ಗ್ಲೈಕೋಸಿಲೇಸ್ ಎಂಬ ಇನ್ನೊಂದು ಕಿಣ್ವ. ಅದು ಯುರಾಸಿಲನ್ನು ಎಳೆಯಿಂದ ಹೊರಮಗುಚಿ ಕತ್ತರಿಸಿ ತೆಗೆಯುತ್ತದೆ. ತೆರವಾದ ಜಾಗವನ್ನು ಬೇರೆ ಕಿಣ್ವಗಳು ತುಂಬುತ್ತವೆ. ಕ್ಷಯಾಣುವಿನ ಡಿಎನ್‌ಎಯಲ್ಲಿ ಗ್ವಾನಿನ್ ಮತ್ತು ಸೈಟೊಸಿನ್‌ಗಳೇ ಶೇ. 65ಕ್ಕೂ ಹೆಚ್ಚಿರುವುದರಿಂದ ಈ ಕಾವಲು ಅದಕ್ಕೆ ಅತ್ಯಗತ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ಣೇಯ ಮತ್ತು ಸಂಗಡಿಗರು ಕ್ಷಯಾಣುವಿನ ನಿರುಪದ್ರವಿ ಬಂಧುವಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಿಂದ ಈ ಕಿಣ್ವವನ್ನು ಕಳೆದು ನೋಡಿದಾಗ, 2003ರಲ್ಲಿ ಅವರು ಪ್ರಕಟಿಸಿದಂತೆ, ಅದರಲ್ಲಿ ತಪ್ಪುಗಳು ಹೆಚ್ಚಿದ್ದಲ್ಲದೆ, ರೋಗಾಣುಗಳನ್ನು ನುಂಗುವ ಇಲಿಯ ಮ್ಯಾಕ್ರೋಫೇಜ್ ಕೋಶಗಳೊಳಗೆ ಬದುಕುಳಿಯುವ ಅದರ ಶಕ್ತಿಯೂ ಕುಗ್ಗಿತು.