ಮನೆಯೊಳಗಿನ ಚಿತ್ರಗುಪ್ತ

ನಿವೃತ್ತರಾದ ಹಿರಿಯರೊಬ್ಬರು ತಮ್ಮ ಆಸ್ತಿಯನ್ನು ಇಬ್ಬರು ಗಂಡುಮಕ್ಕಳಿಗೂ ಹೇಗೆ ಹಂಚಬೇಕೆಂಬುದನ್ನು ಕುರಿತು ಒಂದು ಕರಡನ್ನು ಮನೆಯ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದಾರೆನ್ನಿ. ಅದನ್ನು ಅವರು ಇನ್ನೂ ಯಾರಿಗೂ ತೋರಿಸಿಲ್ಲ. ಒಂದು ಸಂಜೆ ಯಂತ್ರದ ಮುಂದೆ ಕುಳಿತಾಗ, ಈಚೆಗೆ ತೆರೆದ ಕಡತಗಳ ಪಟ್ಟಿಯೊಂದು ಅವರ ಕಣ್ಣಿಗೆ ಬೀಳುತ್ತದೆ. ಪಟ್ಟಿಯ ಮೊದಲಿನಲ್ಲಿಯೇ ಆ ಕರಡು! ತೆರೆದ ವೇಳೆ ಮಧ್ಯಾಹ್ನ 3 ಗಂಟೆ 12 ನಿಮಿಷ. ಆ ಹೊತ್ತಿನಲ್ಲಿ ಅವರು ಊಟ ಮುಗಿಸಿ ಮಲಗಿದ್ದರು, ಮಗ ಕಚೇರಿಯಲ್ಲಿದ್ದ. ಮನೆಯಲ್ಲಿ ಎಚ್ಚರವಾಗಿದ್ದವಳು ಸೊಸೆಯೊಬ್ಬಳೇ ಎಂದು ಅವರ ಎಣಿಕೆ. ರಾತ್ರಿ ಆಕೆ ಬಂದು, "ಮಾವ, ಊಟಕ್ಕೆ ಏಳಿ" ಎಂದು ಕರೆದಾಗ, "ಹಸಿವಿಲ್ಲ" ಎಂದು ಮುಖ ತಿರುಗಿಸುತ್ತಾರೆ. ಮರುದಿನ ಬೆಳಗ್ಗೆ ಆಕೆ ತಂದಿಟ್ಟ ಕಾಫಿ ಮೇಜಿನ ಮೇಲೆಯೇ ಆರಿಹೋಗುತ್ತದೆ.

ಇದು ಕಲ್ಪನೆಯ ಸಂಸಾರ. ಆದರೆ ಒಂದೇ ಕಂಪ್ಯೂಟರನ್ನು ನಾಲ್ಕಾರು ಮಂದಿ ಬಳಸುವ ಯಾವ ಮನೆಯಲ್ಲಿಯಾದರೂ ನಡೆಯಬಹುದಾದ ಸಂಗತಿ. ಹಿರಿಯರು ಕಂಡ ಪಟ್ಟಿ ಸುಳ್ಳಲ್ಲ. ಯಂತ್ರಕ್ಕೆ ಸುಳ್ಳು ಹೇಳಿ ಆಗಬೇಕಾದುದೇನೂ ಇಲ್ಲ. ಹಾಗಾದರೆ ಅದು ಹೇಳಿದ್ದಾದರೂ ಏನು? ಹೇಳದೆ ಬಿಟ್ಟದ್ದೇನು?

ಲೆಕ್ಕ ಬರೆಯುವ ಬಗೆ

ಮನುಷ್ಯರ ಪಾಪಪುಣ್ಯಗಳನ್ನೆಲ್ಲ ಒಂದೂ ಬಿಡದೆ ಬರೆದಿಡುವ ಯಮಧರ್ಮನ ಕರಣಿಕ ಚಿತ್ರಗುಪ್ತನನ್ನು ನಾವೆಲ್ಲ ಪುರಾಣದಲ್ಲಿ ಕೇಳಿದ್ದೇವೆ. ಕಂಪ್ಯೂಟರಿನೊಳಗೂ ಅಂತಹ ಕರಣಿಕನೊಬ್ಬನಿದ್ದಾನೆ. ಅವನನ್ನು ಅಲ್ಲಿ ಕೂರಿಸಿದ ಉದ್ದೇಶ ಮಾತ್ರ ಗೂಢಚರ್ಯೆಯಲ್ಲ, ಉಪಕಾರ. ನಿನ್ನೆ ಅರ್ಧಕ್ಕೆ ಬಿಟ್ಟ ಪತ್ರವನ್ನು ಇಂದು ಹುಡುಕುತ್ತ ಕೂರುವುದು ತಪ್ಪಲೆಂದು, 1995ರಲ್ಲಿ ಬಂದ ವಿಂಡೋಸ್ 95 ತನ್ನ ಆರಂಭದ ಪಟ್ಟಿಯಲ್ಲಿಯೇ ಈಚೆಗೆ ತೆರೆದ 15 ದಾಖಲೆಗಳ ಹೆಸರುಗಳನ್ನು ತೋರಿಸತೊಡಗಿತು. 2009ರ ವಿಂಡೋಸ್ 7 ಇನ್ನೂ ಮುಂದೆ ಹೋಗಿ, ಒಂದೊಂದು ತಂತ್ರಾಂಶಕ್ಕೂ ಬೇರೆ ಬೇರೆಯಾಗಿ ಇಂತಹ ಪಟ್ಟಿಯನ್ನು ಒದಗಿಸಿತು. ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಲ್ಲಿ ಪರದೆಯ ಎಡಮೂಲೆಯ ಸೇಬಿನ ಗುರುತನ್ನು ಒತ್ತಿದರೆ ಇದೇ ಬಗೆಯ ಪಟ್ಟಿ ಸಿಗುತ್ತದೆ.

ವಿಂಡೋಸ್ ಯಂತ್ರದಲ್ಲಿ ಇದನ್ನು ನೋಡುವುದು ಕಷ್ಟವಲ್ಲ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು 'ಆರ್' ಅಕ್ಷರದೊಡನೆ ಒತ್ತಿ, ಕಾಣಿಸಿಕೊಂಡ ಪೆಟ್ಟಿಗೆಯಲ್ಲಿ 'ರೀಸೆಂಟ್' ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಸಾಕು. ಒಂದು ಕೋಶ ತೆರೆದುಕೊಳ್ಳುತ್ತದೆ. ಅದರಲ್ಲಿರುವುವು ಮೂಲ ಕಡತಗಳಲ್ಲ, ಅವುಗಳತ್ತ ಕೈತೋರುವ ಪುಟ್ಟ ಚೀಟಿಗಳು. ಈ ಚೀಟಿಗಳ ಸ್ವಾರಸ್ಯವೇ ಬೇರೆ. ಮೂಲ ಕಡತ ಎಲ್ಲಿತ್ತು, ಅದರ ಗಾತ್ರವೆಷ್ಟು, ಅದು ಯಾವ ಡಿಸ್ಕಿನಲ್ಲಿತ್ತು, ಆ ಡಿಸ್ಕಿನ ಕ್ರಮಸಂಖ್ಯೆ ಯಾವುದು ಎಂಬ ವಿವರಗಳು ಅವುಗಳಲ್ಲಿ ಅಡಗಿರುತ್ತವೆ. ಆದುದರಿಂದ ಕಡತವನ್ನು ಅಳಿಸಿದರೂ ಚೀಟಿ ಉಳಿಯಬಹುದು. ಪೆನ್ ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೋದರೂ, ಅದರೊಳಗಿನ ಯಾವ ಕಡತವನ್ನು ತೆರೆದಿದ್ದರೆಂಬ ಗುರುತು ಯಂತ್ರದಲ್ಲಿ ಉಳಿದಿರಬಹುದು.

ಇದಲ್ಲದೆ ಯಾವ ತಂತ್ರಾಂಶವನ್ನು ಎಷ್ಟು ಸಲ ನಡೆಸಲಾಯಿತೆಂಬ ಲೆಕ್ಕವೂ ವಿಂಡೋಸಿನ ಆಳದ ದಫ್ತರದಲ್ಲಿದೆ. ವಿನೋದವೆಂದರೆ, ಅಲ್ಲಿ ಹೆಸರುಗಳನ್ನು ನೇರವಾಗಿ ಬರೆದಿರುವುದಿಲ್ಲ. ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರಕ್ಕೂ ಅದರಿಂದ 13ನೆಯ ಅಕ್ಷರವನ್ನು ಬದಲಿಗೆ ಇಟ್ಟಿರುತ್ತಾರೆ. ಶಾಲೆಯ ಹುಡುಗರು ಕಡೆಯ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳುವ ಗುಟ್ಟಿನ ಚೀಟಿಗಿಂತ ಇದು ಹೆಚ್ಚು ಬಿಗಿಯಾದ ಬೀಗವೇನಲ್ಲ.

ನಂಬಬಾರದ ಗಡಿಯಾರ

ಕಡತದ ವಿವರಗಳಲ್ಲಿ 'ಕೊನೆಯ ಸಲ ತೆರೆದ ವೇಳೆ' ಎಂಬ ಒಂದು ಸಾಲು ಇರುವುದುಂಟು. ಇದೇ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿಯೆಂದು ಹಲವರು ತಿಳಿಯುತ್ತಾರೆ. ವಾಸ್ತವವಾಗಿ ಇದರಷ್ಟು ಮೋಸಗೊಳಿಸುವ ಸಾಲು ಬೇರೊಂದಿಲ್ಲ. ಕಡತವನ್ನು ಓದಿದಾಗಲೆಲ್ಲ ವೇಳೆಯನ್ನು ಬರೆಯುವುದೆಂದರೆ, ಪ್ರತಿಯೊಂದು ಓದಿಗೂ ಒಂದು ಬರಹದ ಶ್ರಮ ಸೇರಿದಂತಾಯಿತು. ಯಂತ್ರದ ವೇಗ ತಗ್ಗುತ್ತದೆ. ಈ ಕಾರಣದಿಂದ 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಲ್ಲಿ, ಬಳಕೆದಾರರು ತಾವಾಗಿ ಬೇಕೆನ್ನದ ಹೊರತು ಈ ವೇಳೆಯನ್ನು ಬರೆಯದಂತೆ ಏರ್ಪಾಡು ಮಾಡಿದರು. ಲಿನಕ್ಸ್ ವ್ಯವಸ್ಥೆಯೂ 2009ರಲ್ಲಿ, ಪ್ರತಿ ಸಲವೂ ಬರೆಯದೆ ಅಗತ್ಯವೆನಿಸಿದಾಗ ಮಾತ್ರ ಬರೆಯುವ ಪದ್ಧತಿಯನ್ನು ರೂಢಿಗೆ ತಂದಿತು. ಆದುದರಿಂದ ಹಳೆಯ ವೇಳೆ ಕಂಡಿತೆಂದ ಮಾತ್ರಕ್ಕೆ ಯಾರೂ ತೆರೆದಿಲ್ಲವೆಂದೂ ಹೇಳಲಾಗದು. ಹೊಸ ವೇಳೆ ಕಂಡಿತೆಂದ ಮಾತ್ರಕ್ಕೆ ಮನುಷ್ಯರೇ ತೆರೆದರೆಂದೂ ಹೇಳಲಾಗದು. ವೈರಸ್ ಹುಡುಕುವ ತಂತ್ರಾಂಶ ಕಡತಗಳನ್ನು ಒಂದೊಂದಾಗಿ ತಡವಿ ನೋಡಿದರೂ ವೇಳೆ ಬದಲಾಗಬಹುದು. ಯಂತ್ರದ ಗಡಿಯಾರವೇ ತಪ್ಪಿದ್ದರೆ ಹೇಳುವುದೇ ಬೇಡ.

ಎರಡು ಮೊಕದ್ದಮೆಗಳು

ಇಂತಹ ಗುರುತುಗಳು ಎಷ್ಟು ದೊಡ್ಡ ಕೆಲಸ ಮಾಡಬಲ್ಲುವೆಂಬುದಕ್ಕೆ ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದ ಪ್ರಕರಣ ಪ್ರಸಿದ್ಧವಾದ ಉದಾಹರಣೆ. 1974ರಿಂದ 1991ರವರೆಗೆ ಅಲ್ಲಿ ಹತ್ತು ಮಂದಿಯನ್ನು ಕೊಂದು, ಪೋಲೀಸರಿಗೆ ಸಿಕ್ಕದೆ ಉಳಿದಿದ್ದ ಹಂತಕನೊಬ್ಬ 2004ರಲ್ಲಿ ಮತ್ತೆ ಪತ್ರಗಳನ್ನು ಕಳುಹಿಸತೊಡಗಿದ. 2005ರ ಫೆಬ್ರವರಿಯಲ್ಲಿ ಒಂದು ಟೆಲಿವಿಷನ್ ಕೇಂದ್ರಕ್ಕೆ ಫ್ಲಾಪಿ ಡಿಸ್ಕೊಂದನ್ನು ಕಳುಹಿಸಿದ. ಆ ಡಿಸ್ಕಿನಿಂದ ಅವನು ಅಳಿಸಿಹಾಕಿದ್ದ ಕಡತವನ್ನು ಪೋಲೀಸರು ಮೇಲೆತ್ತಿ ನೋಡಿದಾಗ, ಅದರ ವಿವರಗಳಲ್ಲಿ ಒಂದು ಲೂಥರನ್ ಚರ್ಚಿನ ಹೆಸರಿತ್ತು. ಕೊನೆಯದಾಗಿ ತಿದ್ದಿದವನ ಹೆಸರು 'ಡೆನಿಸ್' ಎಂದಿತ್ತು. ಆ ಚರ್ಚಿನ ಆಡಳಿತ ಮಂಡಲಿಯ ಅಧ್ಯಕ್ಷನೇ ಡೆನಿಸ್ ರೇಡರ್! ಫೆಬ್ರವರಿ 25ರಂದು ಅವನ ಬಂಧನವಾಯಿತು. ಮೂವತ್ತು ವರ್ಷ ಪತ್ತೇದಾರರನ್ನು ವಂಚಿಸಿದವನನ್ನು ಅವನೇ ಅಳಿಸಿದ್ದ ಒಂದು ಕಡತ ಹಿಡಿದುಕೊಟ್ಟಿತು. ಆದರೆ ಗಮನಿಸಬೇಕಾದ ಮಾತು ಇದು: ಪೋಲೀಸರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಅವನ ಮಗಳ ಡಿ.ಎನ್.ಎ. ಮಾದರಿಯನ್ನು ಪಡೆದು, ಕೊಲೆ ನಡೆದ ಸ್ಥಳದಲ್ಲಿ ದೊರೆತಿದ್ದ ಕುರುಹಿನೊಡನೆ ಹೋಲಿಸಿ ನೋಡಿದ ಮೇಲೆಯೇ ಅವನ ಮೇಲೆ ಕೈಯಿಟ್ಟರು.

ಆ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು ಅದೇ ದೇಶದ ಇನ್ನೊಂದು ಮೊಕದ್ದಮೆ ತೋರಿಸುತ್ತದೆ. ಕನೆಕ್ಟಿಕಟ್ ರಾಜ್ಯದ ನಾರ್ವಿಚ್ ನಗರದಲ್ಲಿ 2004ರ ಅಕ್ಟೋಬರಿನಲ್ಲಿ, ರಜೆಯಲ್ಲಿದ್ದ ಶಿಕ್ಷಕರ ಬದಲಿಗೆ ತರಗತಿ ತೆಗೆದುಕೊಂಡ ಉಪಾಧ್ಯಾಯಿನಿಯೊಬ್ಬರ ಮುಂದೆ, ಶಾಲೆಯ ಕಂಪ್ಯೂಟರಿನ ಪರದೆಯಲ್ಲಿ ಅಶ್ಲೀಲ ಚಿತ್ರಗಳು ಒಂದರ ಮೇಲೊಂದು ಎದ್ದುಬಂದವು. ಮಕ್ಕಳು ನೋಡಿದರು. ಯಂತ್ರದಲ್ಲಿ ಆ ಪುಟಗಳು ತೆರೆದುಕೊಂಡ ದಾಖಲೆಯಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು, ಆಕೆ ಬೇಕೆಂದೇ ತೆರೆದರೆಂದು ವಾದಿಸಲಾಯಿತು. ಪುಟದ ಒಂದು ಕೊಂಡಿ ಕೆಂಪಾಗಿ ಕಾಣುತ್ತಿದ್ದುದನ್ನೂ ಆಕೆ ಅದನ್ನು ಒತ್ತಿದುದರ ಗುರುತೆಂದು ತೋರಿಸಿದರು. 2007ರ ಜನವರಿಯಲ್ಲಿ ಆಕೆ ನಾಲ್ಕು ಆರೋಪಗಳಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು. 40 ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದ್ದ ಆರೋಪಗಳು ಅವು!

ಆಗ ಹಲವು ಕಂಪ್ಯೂಟರ್ ತಜ್ಞರು ಸ್ವಯಂಪ್ರೇರಣೆಯಿಂದ ಆ ಡಿಸ್ಕಿನ ಪ್ರತಿಯನ್ನು ಪರೀಕ್ಷಿಸಿದರು. ಯಂತ್ರ ಹಳೆಯದು, ವೈರಸ್ ತಡೆಯುವ ತಂತ್ರಾಂಶದ ಅವಧಿ ಮುಗಿದಿತ್ತು, ಪುಟಗಳನ್ನು ತಾನಾಗಿಯೇ ತೆರೆಯುವ ದುಷ್ಟ ತಂತ್ರಾಂಶ ಅದರೊಳಗೆ ಸೇರಿಕೊಂಡಿತ್ತು. ಕೆಂಪು ಬಣ್ಣವೋ, ಆ ಪುಟವನ್ನು ರಚಿಸಿದವರೇ ಹಾಕಿದ್ದ ಬಣ್ಣ. 2007ರ ಜೂನಿನಲ್ಲಿ ನ್ಯಾಯಾಧೀಶರು ತೀರ್ಪನ್ನು ರದ್ದುಗೊಳಿಸಿ ಮರುವಿಚಾರಣೆಗೆ ಅವಕಾಶವಿತ್ತರು. ಕೊನೆಗೆ 2008ರ ನವೆಂಬರಿನಲ್ಲಿ ಆಕೆ ಒಂದು ಸಣ್ಣ ಆರೋಪವನ್ನು ಒಪ್ಪಿ, 100 ಡಾಲರ್ ತೆತ್ತು, ಪಾಠ ಹೇಳುವ ಪರವಾನಗಿಯನ್ನು ಬಿಟ್ಟುಕೊಟ್ಟು ಮೊಕದ್ದಮೆಯನ್ನು ಮುಗಿಸಿಕೊಂಡರು. ಸೆರೆಮನೆ ತಪ್ಪಿತು, ವೃತ್ತಿ ಉಳಿಯಲಿಲ್ಲ. ಯಂತ್ರ ಬರೆದಿಟ್ಟುದು 'ತೆರೆಯಿತು' ಎಂದು. ಓದಿದವರು ಓದಿಕೊಂಡುದು 'ತೆರೆದಳು' ಎಂದು. ಒಂದು ಕ್ರಿಯಾಪದದ ವ್ಯತ್ಯಾಸದಲ್ಲಿ ಒಬ್ಬರ ಬದುಕು ಸಿಕ್ಕಿಹಾಕಿಕೊಂಡಿತು.

ನೋಡಿದರೂ ಗುರುತು

ತಜ್ಞರು ಮೂಲ ಡಿಸ್ಕನ್ನು ಮುಟ್ಟದೆ ಅದರ ಪ್ರತಿಯನ್ನೇ ಪರೀಕ್ಷಿಸುವುದಕ್ಕೆ ಕಾರಣವಿದೆ. ಯಾರು ಏನನ್ನು ತೆರೆದರೆಂದು ನೋಡಲು ಕಡತವನ್ನು ತೆರೆದರೆ, ನೋಡಿದವನ ಗುರುತೂ ಪಟ್ಟಿಗೆ ಸೇರುತ್ತದೆ! ಕಳ್ಳನ ಹೆಜ್ಜೆ ಹುಡುಕುವವನು ಆ ಹೆಜ್ಜೆಗಳ ಮೇಲೆಯೇ ನಡೆದಂತೆ. ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ವಿದ್ಯುನ್ಮಾನ ದಾಖಲೆಗಳೊಡನೆ ಒಂದು ಪ್ರಮಾಣಪತ್ರವನ್ನು ಕೇಳುತ್ತದೆ. ಅದರ ಒಂದು ಭಾಗ ಯಂತ್ರದ ಹೊಣೆ ಹೊತ್ತವರದು, ಇನ್ನೊಂದು ತಜ್ಞರದು. ದಾಖಲೆಯ ಮೇಲೆ ಗಣಿತದಿಂದ ಪಡೆದ, ಮುದ್ರೆಯಂತಹ ಒಂದು ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು. ದಾಖಲೆಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬೇರೆಯಾಗುವುದರಿಂದ, ನಡುವೆ ಯಾರಾದರೂ ಕೈಯಾಡಿಸಿದ್ದರೆ ತಿಳಿದುಹೋಗುತ್ತದೆ.

ಮನೆಯವರು ಮಾಡಬಹುದಾದುದು

ನ್ಯಾಯಾಲಯದ ಮಾತು ಹಾಗಿರಲಿ. ಮನೆಯಲ್ಲಿ ಇಷ್ಟು ಮಾಡಿಕೊಂಡರೆ ಎಷ್ಟೋ ಮನಸ್ತಾಪ ತಪ್ಪುತ್ತದೆ. ಒಂದೇ ಯಂತ್ರವಾದರೂ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಮತ್ತು ಗುಪ್ತಪದ ಇರಲಿ. ಆಗ ಪಟ್ಟಿಯೂ ಒಬ್ಬೊಬ್ಬರಿಗೆ ಪ್ರತ್ಯೇಕವಾಗುತ್ತದೆ. ಎದ್ದು ಹೋಗುವಾಗ ವಿಂಡೋಸ್ ಕೀಲಿಯನ್ನು 'ಎಲ್' ಅಕ್ಷರದೊಡನೆ ಒತ್ತಿದರೆ ಯಂತ್ರಕ್ಕೆ ಬೀಗ ಬೀಳುತ್ತದೆ. ಪಟ್ಟಿಯೇ ಬೇಡವೆನ್ನುವವರು ಅದನ್ನು ಅಳಿಸಲೂಬಹುದು, ನಿಲ್ಲಿಸಲೂಬಹುದು. ಅದಕ್ಕೆ ಯಂತ್ರದ ವ್ಯವಸ್ಥಾ ಪುಟಗಳಲ್ಲಿ ಅವಕಾಶವಿದೆ. ಆದರೆ ಕಣ್ಣಿಗೆ ಕಾಣುವ ಪಟ್ಟಿ ಅಳಿದರೆ ಆಳದ ಗುರುತುಗಳೆಲ್ಲ ಅಳಿದುವೆಂದು ಭಾವಿಸಬಾರದು. ಬಹುಮುಖ್ಯವಾದ ಪತ್ರಗಳಿಗೆ ಕಡತದಲ್ಲಿಯೇ ಗುಪ್ತಪದವಿಡುವುದು ಲೇಸು.

ಇನ್ನು ಆ ಹಿರಿಯರ ವಿಷಯ. ಎರಡು ದಿನ ಮೌನವಾಗಿದ್ದವರು ಮೂರನೆಯ ರಾತ್ರಿ ಎಲ್ಲರೂ ಊಟಕ್ಕೆ ಕುಳಿತಿರುವಾಗ, ಯಾರತ್ತಲೂ ನೋಡದೆ ಕೇಳುತ್ತಾರೆ: "ಮೊನ್ನೆ ಮಧ್ಯಾಹ್ನ ನನ್ನ ಫೈಲನ್ನು ಯಾರಾದರೂ ತೆರೆದಿದ್ದಿರಾ?" ಸೊಸೆ ಏನೂ ತಿಳಿಯದೆ ಗಂಡನ ಮುಖ ನೋಡುತ್ತಾಳೆ. ಅಷ್ಟರಲ್ಲಿ ಮೊಮ್ಮಗನ ದನಿ: "ನಾನೇ ತಾತ! ಅವತ್ತು ಸ್ಕೂಲು ಬೇಗ ಬಿಟ್ಟಿತ್ತು. ನನ್ನ ಪಾಠದ ಫೈಲಿನ ಹೆಸರು 'ದಾಖಲೆ 3', ನಿಮ್ಮದು 'ದಾಖಲೆ 2'. ತಪ್ಪಿ ಅದನ್ನು ತೆಗೆದೆ. ನನ್ನದಲ್ಲ ಅಂತ ಮುಚ್ಚಿಬಿಟ್ಟೆ."

ಬಾಗಿಲು ತೆರೆದ ಹೊತ್ತನ್ನು ಯಂತ್ರ ಸರಿಯಾಗಿಯೇ ಬರೆದಿತ್ತು. ಒಳಗೆ ಬಂದವರು ಯಾರು, ಏಕೆ ಬಂದರು, ಏನನ್ನಾದರೂ ಕಂಡರೋ ಇಲ್ಲವೋ ಎಂಬುದನ್ನು ಬರೆಯುವ ಶಕ್ತಿ ಅದಕ್ಕಿಲ್ಲ. ಪುರಾಣದ ಚಿತ್ರಗುಪ್ತನಿಗೆ ಮನುಷ್ಯರ ಮನಸ್ಸು ಗೊತ್ತು. ಯಂತ್ರದ ಚಿತ್ರಗುಪ್ತನಿಗೆ ಗೊತ್ತಿರುವುದು ಗಳಿಗೆ ಮಾತ್ರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಪಟ್ಟಿಯನ್ನು ಕಂಡ ಸಂಜೆಯೇ ಆ ಒಂದು ಪ್ರಶ್ನೆಯನ್ನು ಕೇಳಿದ್ದರೆ, ಸೊಸೆ ತಂದ ಕಾಫಿ ಆರಿಹೋಗುತ್ತಿರಲಿಲ್ಲ.